ನಿಂಗಿಗೆ ತೋರಿಸಿದ್ದು ನಿಜವಾಗಬೇಕು

ಅಂಕೋಲಾ
ನಿಜ ಆಷಾಢದ ಭಾನುವಾರ, ಕ್ರಿ.ಶ. ೨೧೬೭

ಪ್ರೀತಿಯ ದಾನೇಶ್ವರಿ ಮುತ್ತವ್ವನಿಗೆ,

ನನಗೆ ಮದುವೆಯಾಯಿತು! ಎರಡು ತಿಂಗಳಾದರೂ ಹೇಳಿಕೊಳ್ಳುವಾಗ ಇನ್ನೂ ಕುಣಿಯುವಂತಾಗುತ್ತದೆ. ಹುಡುಗ ಹುಬ್ಬಳ್ಳಿಯವನು, ಹೆಸರು ಗುರುಸಿದ್ಧ. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ, ಬಲಗೆನ್ನೆ ಯಾವಾಗಲೂ ಗಂಭೀರವಾಗಿಯೇ ಇರುತ್ತದೆ. ನಾನು ಮಲ್ಲವ್ವ, ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು. ಮೇಲಿನ ಇಸವಿ ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಮದುವೆಯಾದ ಪ್ರತಿ ಜೋಡಿಗೂ ಸರಕಾರ ಒಂದು ಹಿಂದೋಲೆಯನ್ನು ಉಡುಗೊರೆಯಾಗಿ ಕೊಡುತ್ತದೆ. ಹಿಂದೋಲೆ ಎಂದರೆ ತೀರಿಹೋದ ಹಿರಿಯರೊಬ್ಬರಿಗೆ, ಅವರು ಬದುಕಿದ್ದ ದಿನಗಳಿಗೇ ಕಳಿಸುವ ಕಾಗದ. ಅದು ಹೋಗುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ನೆರೆ, ಚುನಾವಣೆ, ಚಿನ್ನದ ದರ, ಕ್ರಿಕೆಟ್ಟು, ಇಂಥವನ್ನು ಬರೆದರೆ ಕತ್ತರಿಸುತ್ತಾರಂತೆ. ಆದ್ದರಿಂದ ನಡುವೆ ಎಲ್ಲಾದರೂ ಖಾಲಿ ಜಾಗ ಕಂಡರೆ ನಾನು ಬಾಯಿ ಬಿಟ್ಟಿದ್ದೇನೆ ಎಂದು ತಿಳಿಯಿರಿ.

ನನ್ನ ಕನ್ನಡಕ್ಕೂ ಕ್ಷಮೆ ಇರಲಿ. ನಾನು ಓದಿದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಅದು ಇನ್ನೂ ಇದೆ, ನಂಬಿ! ನಿಮ್ಮ ಕಾಲದ ಬರವಣಿಗೆಯನ್ನು ಪುಸ್ತಕ ನೋಡಿ ಕಲಿತು ಬರೆಯುತ್ತಿದ್ದೇನೆ. ನನ್ನ ಹೆಸರು ಹಳೆಯದೆನಿಸಿದರೆ ಆಶ್ಚರ್ಯಪಡಬೇಡಿ. ಈಗ ಹುಡುಗಿಯರೆಲ್ಲ ಮಲ್ಲವ್ವ, ನಿಂಗವ್ವ, ಕಲ್ಲವ್ವ. ಆದ್ಯಾ, ದಿಯಾ, ಅನ್ವಿ ಎಂಬವರು ಹಲ್ಲಿಲ್ಲದ ಅಜ್ಜಿಯರು. ನನ್ನ ಅತ್ತೆಯ ಹೆಸರೂ ಆದ್ಯಾ. ಓಣಿಯವರು ಆದ್ಯವ್ವ ಎನ್ನುತ್ತಾರೆ. ಆಕೆ ಮಾತಾಡಿದರೆ ಓಣಿಯ ನಾಯಿಗಳೂ ಕಿವಿ ನೆಟ್ಟಗೆ ಮಾಡುತ್ತವೆ, ಆದರೆ ರೊಟ್ಟಿ ಬಡಿಯುವ ಕೈ ಮಾತ್ರ ಹಗುರ. ಹೌದು, ಜೋಳದ ರೊಟ್ಟಿ ಉಳಿದಿದೆ. ಒಲೆಗೆ ಬೆಂಕಿ ಇಲ್ಲ, ಕಲ್ಲು ತಾನೇ ಕಾಯುತ್ತದೆ. ನಾವು ಕರೆಗೋಡೆಯಲ್ಲಿ ಮಾತಾಡುತ್ತೇವೆ. ಅದು ಸಾಮಾನ್ಯ ಗೋಡೆಯೇ. ಕರೆ ಬಂದರೆ ಸುಣ್ಣದ ಮೇಲೆ ಆಚೆಯವರು ಆಳೆತ್ತರಕ್ಕೆ ಮೂಡುತ್ತಾರೆ. ಅತ್ತೆ ಅದರಲ್ಲಿ ಮೂಡಿದಾಗಲೂ ಮೊದಲು ನೋಡುವುದು ನಮ್ಮ ಅಡುಗೆಮನೆ ಸ್ವಚ್ಛವಿದೆಯೇ ಎಂದು.

ಈ ಒಂದೇ ಓಲೆಯನ್ನು ಯಾರಿಗೆ ಬರೆಯುವುದೆಂದು ನಾನೂ ಗುರುಸಿದ್ಧನೂ ಜಗಳವಾಡಿದ್ದೆವು. ಅವನಿಗೆ ತನ್ನ ವಂಶದ ಯಾವುದೋ ಪೈಲ್ವಾನನಿಗೆ ಬರೆಯಬೇಕಿತ್ತು. ಮೊನ್ನೆ ಶುಕ್ರವಾರ ಆದದ್ದು ಆದ ಮೇಲೆ ಅವನೇ ಹೇಳಿದ, "ನಿಮ್ಮ ನರ್ಸ್ ಮುತ್ತವ್ವಗ ಬರಿ. ಅಕಿಗೇ ತಿಳಿತೈತಿ."

ನೀವು ಹುಬ್ಬಳ್ಳಿಯ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದಿರಿ ಎಂದು ಮನೆಯಲ್ಲಿ ಹೇಳುತ್ತಾರೆ. ಆಪರೇಷನ್ನಿಗೆ ಹೋಗುವ ಮಕ್ಕಳು ಹೆದರುತ್ತವೆಂದು, ಫೋನನ್ನು ನಿಮ್ಮ ಸೊಂಟದ ಮಟ್ಟಕ್ಕೆ ಹಿಡಿದುಕೊಂಡು ವಾರ್ಡಿನಿಂದ ಥಿಯೇಟರಿನವರೆಗೆ ನಡೆದು ವಿಡಿಯೋ ಮಾಡಿದ್ದಿರಂತೆ. ದೊಡ್ಡವರ ಮುಖಗಳೇ ಇಲ್ಲ, ಬರೀ ಮೊಣಕಾಲುಗಳು, ಮೇಜಿನ ಅಡಿ, ಮಂಚದ ಗಾಲಿ. ಮಗುವಿನ ಕಣ್ಣಿಗೆ ಕಾಣುವಷ್ಟೇ. ಇದನ್ನು ನೀವು ಮಾಡಿಯಾಗಿದೆಯೋ, ಇನ್ನು ಮಾಡಬೇಕಿದೆಯೋ ನನಗೆ ಗೊತ್ತಿಲ್ಲ. ಮಾಡಿರದಿದ್ದರೆ ಕತ್ತರಿಸುವವರು ಈ ಸಾಲುಗಳನ್ನು ಬಿಡಲಿಕ್ಕಿಲ್ಲ!

ಆ ತರಹದ ಕೆಲಸ ಈಗ ಎಷ್ಟು ಬೆಳೆದಿದೆಯೆಂದರೆ ಅದಕ್ಕೊಂದು ಕಾನೂನೇ ಇದೆ. ಅದನ್ನು ಮುನ್ನೋಟ ಎನ್ನುತ್ತೇವೆ. ಆಪರೇಷನ್ನಿಗೆ ಹೋಗುವ ಪ್ರತಿ ಮಗುವಿನ ಹಣೆಗೆ ಒಂದು ನೋಟಪಟ್ಟಿ ಕಟ್ಟುತ್ತಾರೆ. ಅದು ತಲೆನೋವಿಗೆ ಕಟ್ಟುವ ಬಟ್ಟೆಯಷ್ಟೇ ಹಗುರ. ಕಟ್ಟಿದೊಡನೆ ಆಸ್ಪತ್ರೆ ಸುತ್ತಲೂ ಎದ್ದು ನಿಲ್ಲುತ್ತದೆ. ಮಗು ತನ್ನ ಮನೆಯ ಪಡಸಾಲೆಯಲ್ಲಿ ನಡೆಯುತ್ತಲೇ ಥಿಯೇಟರಿಗೆ ಹೋಗುವ ಆ ಓಣಿ, ಆ ಬಾಗಿಲು, ಆ ಮಂಚ, ನಿದ್ದೆ ಬರಿಸಲು ಮುಖಕ್ಕೆ ಇಡುವ ಬಟ್ಟಲು ಎಲ್ಲವನ್ನೂ ಕಂಡು, ಮುಟ್ಟಿ, ಬೇಸರ ಬರುವಷ್ಟು ಸಲ ಆಡಿ ಮುಗಿಸುತ್ತದೆ. ಬಟ್ಟಲಿನ ಗಾಳಿಗೆ ಯಾವ ವಾಸನೆ ಬೇಕೆಂದು ಮಗುವೇ ಆರಿಸಬಹುದು. ಒಳಗೆ ಜೊತೆಗೆ ಯಾರು ಬರಬೇಕೆಂದೂ ಅದೇ ಹೇಳುತ್ತದೆ. ಆ ಒಬ್ಬರನ್ನು ಜೊತೆಗಾರರು ಎನ್ನುತ್ತೇವೆ. ಮುನ್ನೋಟದಲ್ಲಿ ಕೇಳುವುದು ಅವರದೇ ದನಿ, ಕಾಣುವುದು ಅವರದೇ ರೂಪ. ಕಾನೂನಿನಲ್ಲಿರುವುದು ಒಂದೇ ಮಾತು: ತೋರಿಸಿದ್ದು ನಡೆಯಬೇಕು. ಚುಚ್ಚುತ್ತದೆ ಎಂದಿದ್ದರೆ ಮಾತ್ರ ಚುಚ್ಚಬೇಕು, ಅಮ್ಮ ಇರುತ್ತಾಳೆ ಎಂದಿದ್ದರೆ ಅಮ್ಮ ಇರಬೇಕು.

ನಿಂಗಿ ನನ್ನ ಭಾವನ ಮಗಳು, ಆರು ವರ್ಷದವಳು. ಹುಟ್ಟಿನಿಂದ ಹೃದಯದಲ್ಲಿ ದೋಷವಿದೆ. ಮಾಳಿಗೆಯ ಮೆಟ್ಟಿಲು ಹತ್ತಿದರೆ ತುಟಿ ನೇರಳೆಹಣ್ಣು ತಿಂದವಳ ಹಾಗೆ ಆಗುತ್ತದೆ. ಮದುವೆಯ ವಾರವಿಡೀ ಅವಳು ನನ್ನ ಹಸಿರು ಬಳೆಗಳನ್ನು ಹಿಡಿದುಕೊಂಡೇ ಮಲಗಿದಳು. ಅದೇ ವಾರ ಅವಳ ಮುನ್ನೋಟ ತಯಾರಾಗಬೇಕಿತ್ತು. ಜೊತೆಗೆ ಯಾರು ಬೇಕು ಎಂದು ಆಸ್ಪತ್ರೆಯವರು ಕೇಳಿದರೆ ತಾಯಿಯನ್ನೂ ಬಿಟ್ಟು, ಅಜ್ಜಿಯನ್ನೂ ಬಿಟ್ಟು, "ಚಿಗವ್ವ" ಎಂದು ನನ್ನನ್ನು ಕೇಳಿಬಿಟ್ಟಳು. ಮುತ್ತವ್ವ, ನನಗೆ ಎಷ್ಟು ಹೆಮ್ಮೆಯಾಯಿತು! ಅವಳ ತಾಯಿ ಸಂಗಮ್ಮಕ್ಕ ನನ್ನನ್ನು ಚಿವುಟಿ, "ಹೆತ್ತಾಕಿ ನಾನು, ಹೆಸರು ನಿಂದು! ಏನ್ ಮಾಟ ಮಾಡೀಯೇ ತಂಗೀ?" ಎಂದು ನಕ್ಕಳು. ನಾನು ಉತ್ಸಾಹದಿಂದ ದನಿ ಕೊಟ್ಟೆ. "ನಿಂಗೀ, ನಿನ್ನ ಎಡಗಡೆ ನಿಂತಿರ್ತೀನಿ. ನೀ ನಿದ್ದಿ ಹೋಗೂ ತನಕ ನನ್ನ ಹಸರ ಬಳಿ ಹಿಡ್ಕೊಂಡಿರು." ಬಟ್ಟಲಿಗೆ ಅವಳು ಆರಿಸಿದ್ದು ಹುರಿದ ಶೇಂಗಾದ ವಾಸನೆ!

ಆಪರೇಷನ್ನಿನ ದಿನವನ್ನು ಗೊತ್ತು ಮಾಡುವಾಗ ಮನೆಯವರೆಲ್ಲ ಬೆರಳು ಮಡಚಿ ಎಣಿಸಿದರು. ಹೊಸ ಸೊಸೆ ಆಷಾಢದಲ್ಲಿ ತವರಿಗೆ ಹೋಗಬೇಕು, ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು. ನಿಮಗೆ ಗೊತ್ತಿರುವ ಪದ್ಧತಿಯೇ. ನಮ್ಮ ಕಾಲಕ್ಕೂ ಅದು ಬಿಟ್ಟುಹೋಗಿಲ್ಲ. ಆ ತಿಂಗಳು ಮುಗಿದು ನಾನು ಮರಳಿ ಬಂದ ಮೇಲಿನ ಒಂದು ಗುರುವಾರವನ್ನು ಆರಿಸಿದರು. ನಾನು ಅಂಕೋಲೆಗೆ ಬಂದೆ, ತಿಂಗಳು ಕಳೆದೆ, ಗುರುಸಿದ್ಧನಿಗಾಗಿ ಹಲುಬಿದೆ, ಬುಟ್ಟಿ ತುಂಬ ಕರದಂಟು ಕಟ್ಟಿಕೊಂಡು ಕುಣಿಯುತ್ತ ಹುಬ್ಬಳ್ಳಿಗೆ ಹೋದೆ. ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ನನ್ನ ಬಲಗಾಲು ಮೇಲೆದ್ದಿತ್ತು. ಆಗ ಆಕೆಗೆ ಏನೋ ಹೊಳೆದು, "ಯವ್ವಾ, ನಿಲ್ಲು! ಕಾಲ ಇಡಬ್ಯಾಡ!" ಎಂದು ಕೂಗಿದರು. ಈ ವರ್ಷ ಎರಡು ಆಷಾಢ. ಕಳೆದದ್ದು ಅಧಿಕ ಮಾಸ, ನಿಜವಾದದ್ದು ಈಗಷ್ಟೇ ಹಿಡಿದಿತ್ತು. ಇಷ್ಟು ಜನ ಕೂತು ಎಣಿಸಿದ್ದರಲ್ಲ, ಒಬ್ಬರಿಗೂ ಅದು ನೆನಪಾಗಿರಲಿಲ್ಲ! ಬುಟ್ಟಿಯನ್ನು ಒಳಗೆ ಕರೆದುಕೊಂಡರು, ನನ್ನನ್ನು ಹೊರಗಿನಿಂದಲೇ ವಾಪಸ್ಸು ಕಳಿಸಿದರು. ನಗು ಬಂತು ನನಗೆ. ಅರ್ಧ ದಾರಿಗೆ ಬಂದ ಮೇಲೆ ಗುರುವಾರ ನೆನಪಾಯಿತು, ನಗು ನಿಂತಿತು.

ದಿನ ಮುಂದೂಡಬಹುದಲ್ಲ ಎನ್ನುತ್ತೀರಿ. ಮಳೆ ಹಿಡಿದ ಮೇಲೆ ನಿಂಗಿಗೆ ಮತ್ತೆ ಮತ್ತೆ ಜ್ವರ ಬಂದು ಎದೆ ಇನ್ನಷ್ಟು ಸೋತಿದೆ. ಇನ್ನು ಕಾಯುವಂತಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಹಿಡಿದು ಮಲಗಿಸಿದರಾಯಿತು ಎಂದೂ ಅನ್ನುವಂತಿಲ್ಲ. ನೀವು ನರ್ಸ್, ನಿಮಗೆ ಗೊತ್ತಿರಬೇಕು, ಇಂಥ ಎದೆಗೆ ಜೋರಾದ ಅಳುವೇ ಶತ್ರು. ಬಿಕ್ಕಿ ಬಿಕ್ಕಿ ಅತ್ತರೆ ಮೈಯೆಲ್ಲ ನೀಲಿಯಾಗಿ ಉಸಿರು ಸಿಕ್ಕಿಕೊಳ್ಳುತ್ತದೆ. ಸೂಜಿಗೂ ಅಷ್ಟೇ, ಬಟ್ಟಲಿಗೂ ಅಷ್ಟೇ. ಅವಳು ತಾನಾಗಿ, ಶಾಂತವಾಗಿ ಆ ಶೇಂಗಾದ ಗಾಳಿಯನ್ನು ಎಳೆದುಕೊಳ್ಳಬೇಕು. ಗುರುವಾರದ ದಾರಿ ಇಷ್ಟೇ ಅಗಲ.

ಅತ್ತೆ ಕರೆಗೋಡೆಯಲ್ಲಿ ಮೂಡಿ ಖಡಾಖಂಡಿತವಾಗಿ ಹೇಳಿದರು. "ನೀ ಬರಬ್ಯಾಡ. ಅವತ್ತು ನಾ ಕೂಸಿನ ಬಾಜೂಕ ಆ ದವಾಖಾನ್ಯಾಗ ಇರಾಕಿ. ನೀನೂ ಅಲ್ಲೇ ಬಂದ್ರ ಹೊಸ್ತಿಲ ಒಂದಾತಲ್ಲ?"

"ಅತ್ತೀ, ಒಂದ ದಿನದ ಮಟ್ಟಿಗೆ..."

"ನನಗ ಕೇಡಾಗೂದಿದ್ರ ಆಗಲಿ ಬಿಡು, ಉಂಡ ಜೀವ ಇದು. ಅಕಿ ಎದಿ ತೆರೀತಾರ ಮಲ್ಲವ್ವಾ. ಅವತ್ತು ಒಂದು ಸಣ್ಣ ನೇಮಾನೂ ಮುರಿಯಾಕ ನನಗ ಧೈರ್ಯ ಇಲ್ಲ."

ಆಕೆಯ ಅಕ್ಕ ಒಮ್ಮೆ ಆಷಾಢದಲ್ಲಿ ಹೊಸ್ತಿಲು ದಾಟಿದ ವರ್ಷವೇ ಆ ಮನೆಯ ತೊಟ್ಟಿಲ ಕೂಸು ಹೋಯಿತಂತೆ. ನನ್ನ ಅವ್ವನೂ ಪಕ್ಕದಲ್ಲಿ ನಿಂತು, "ಹಿರೇರ ಮಾತು ಮೀರಬ್ಯಾಡ" ಎಂದು ಕಣ್ಣು ಬಿಟ್ಟಳು. ನಾನು ಎಷ್ಟೇ ಓದಿದವಳಾದರೂ ಆ ಮುಖದ ಎದುರು ವಾದ ಹೂಡಲು ಆಗಲಿಲ್ಲ. ಅದು ಹಟದ ಮುಖವಾಗಿರಲಿಲ್ಲ, ಹೆದರಿದ ಮುಖ.

ಆಸ್ಪತ್ರೆಯವರು ಒಂದು ಉಪಾಯ ಸೂಚಿಸಿದರು. ಗುರುವಾರ ನನ್ನ ಬಿಂಬವನ್ನು ಅಲ್ಲಿ ನಿಲ್ಲಿಸುವುದು. ನಾನು ಅಂಕೋಲೆಯಲ್ಲಿ ಪಟ್ಟಿ ಕಟ್ಟಿಕೊಂಡು ನಿಂತರೆ ಹುಬ್ಬಳ್ಳಿಯಲ್ಲಿ ಅವಳ ಎಡಗಡೆ ನನ್ನ ರೂಪ ನಿಲ್ಲುತ್ತದೆ, ನನ್ನ ದನಿಯೇ ಕೇಳುತ್ತದೆ. ತೋರಿಸಿದ್ದು ನಡೆದಂತೆಯೂ ಆಯಿತು, ಹೊಸ್ತಿಲು ದಾಟದಂತೆಯೂ ಆಯಿತು. ಎಲ್ಲರೂ ಉಸ್ಸೆಂದರು. ನಾನು ಎಲ್ಲರಿಗಿಂತ ಜೋರಾಗಿ ಉಸ್ಸೆಂದೆ! ಶುಕ್ರವಾರ ಅದರ ತಾಲೀಮು. ನಿಂಗಿ ಪಡಸಾಲೆಯಲ್ಲಿ ನಡೆದಳು, ನಾನು ಅವಳ ಪಕ್ಕ ನಡೆದೆ, ನಡುವೆ ಇಡೀ ಘಟ್ಟವಿದ್ದರೂ ನನಗೆ ಅವಳ ನೆತ್ತಿಯ ಎಣ್ಣೆಯ ಹೊಳಪು ಕಾಣುತ್ತಿತ್ತು. ಓಣಿ ದಾಟಿದೆವು. ಬಾಗಿಲು ತೆರೆಯಿತು. ಅವಳು ಮಂಚ ಹತ್ತಿ ಮಲಗಿ, ಎಡಗೈ ಚಾಚಿ ನನ್ನ ಬಳೆ ಹಿಡಿಯಲು ಹೋದಳು. ಮುನ್ನೋಟದ ಸಾಮಾನು ಕೈಗೆ ಸಿಗುತ್ತದೆ, ದೂರದಿಂದ ನಿಂತ ಬಿಂಬ ಸಿಗುವುದಿಲ್ಲ. ಕೈ ಬಳೆಯನ್ನು ಹಾಯ್ದು ಆಚೆ ಹೋಯಿತು. ಮತ್ತೊಮ್ಮೆ ಹಿಡಿಯಹೋದಳು. ಮತ್ತೂ ಹಾಯ್ದು ಹೋಯಿತು.

"ಚಿಗವ್ವಾ, ನಿನ್ನ ಬಳಿ ಯಾಕ ಸಪ್ಪಳ ಮಾಡವಲ್ಲವು?"

"ನಾ ಇಲ್ಲೇ ಅದೀನಿ ಬಂಗಾರಾ!" ಎಂದೆ ನಾನು.

"ಸುಳ್ಳ. ನೀ ಅಂಕೋಲಾದಾಗ ಅದಿ."

ಅವಳು ಎದ್ದು ಕೂತು ಪಟ್ಟಿ ಕಿತ್ತಳು. ನನಗೆ ಕತ್ತಲಾಯಿತು, ದನಿ ಮಾತ್ರ ಕೇಳುತ್ತಿತ್ತು. "ಎಲ್ಲಾ ಸುಳ್ಳ! ಆ ಬಾಗಲಾನೂ ಸುಳ್ಳ, ಶೇಂಗಾ ವಾಸನೀನೂ ಸುಳ್ಳ. ನಾ ಹೋಗೂದಿಲ್ಲ!" ಆಮೇಲೆ ಅಳು. ಆಮೇಲೆ ಅಳುವೂ ಇಲ್ಲ, ಸಂಗಮ್ಮಕ್ಕ ಅವಳ ಹೆಸರು ಹಿಡಿದು ಕೂಗುವುದು, ಯಾರೋ ಗಾಳಿಯ ನಳಿಕೆಗಾಗಿ ಓಡುವುದು. ಮುತ್ತವ್ವ, ನಾನು ಇಲ್ಲಿ ಒಂದು ಸುಣ್ಣದ ಗೋಡೆಯ ಮುಂದೆ ಬಳೆ ಹಾಕಿಕೊಂಡು ನಿಂತಿದ್ದೆ. ಬಹಳ ಹೊತ್ತಿನ ಮೇಲೆ ಗುರುಸಿದ್ಧ ಮೂಡಿ, "ಉಸುರು ತಿರುಗೇತಿ, ಮಕ್ಕೊಂಡಾಳ" ಎಂದ. ಅವನ ಎರಡೂ ಕೆನ್ನೆಗಳು ಗಂಭೀರವಾಗಿದ್ದವು.

ಶನಿವಾರ ನಿಂಗಿ ಪಟ್ಟಿಯನ್ನು ಮುಟ್ಟಲೂ ಇಲ್ಲ. ತಾಯಿ ಬರುತ್ತಾಳೆ ಎಂದರು, ಬೇಡ ಎಂದಳು. ಗೊಂಬೆ, ಮಿಠಾಯಿ, ಗದರಿಕೆ, ಒಂದೂ ನಡೆಯಲಿಲ್ಲ. ಸಂಗಮ್ಮಕ್ಕ ನನ್ನ ಹತ್ತಿರ ಮಾತಾಡುತ್ತ ಸುಮ್ಮನೆ ಕೈಮುಗಿದುಬಿಟ್ಟಳು. ನನಗೆ ಸಾಯುವಷ್ಟು ಸಂಕಟವಾಯಿತು. ಅತ್ತೆ ಹಿಂದೆ ನಿಂತು ಕೇಳುತ್ತಿದ್ದರು.

ಇವತ್ತು ಬೆಳಿಗ್ಗೆ ನಡೆದದ್ದನ್ನು ಗುರುಸಿದ್ಧ ಹೇಳಿದ ಹಾಗೆಯೇ ಬರೆಯುತ್ತೇನೆ. ಅತ್ತೆ ರೊಟ್ಟಿ ತುಣುಕನ್ನು ಹಾಲಿನಲ್ಲಿ ನೆನೆಸಿ ಮೊಮ್ಮಗಳಿಗೆ ಉಣಿಸುತ್ತ, ಚಿಗವ್ವ ಯಾಕೆ ಬರಬಾರದು ಎಂದು ತಿಳಿಸಿ ಹೇಳುತ್ತಿದ್ದರಂತೆ. ಹೊಸ್ತಿಲ ಮಾತು ಬಂತು. ನಿಂಗಿ ಬಾಯಲ್ಲಿ ತುತ್ತು ಇಟ್ಟುಕೊಂಡೇ, "ಅಜ್ಜೀ, ಅಲ್ಲಿ ಹೊಸ್ತಿಲಾನ ಇಲ್ಲ" ಎಂದಳಂತೆ.

"ಹೊಸ್ತಿಲ ಇಲ್ಲದ ಮನಿ ಇರ್ತೈತೇನ ಹುಚ್ಚಿ?"

"ಅದು ಮನಿ ಅಲ್ಲ, ದವಾಖಾನಿ. ಗಾಲಿ ಮಂಚ ಧಡಕ್ಕನ್ನಬಾರದಂತ. ಯಾವ ಬಾಗಲಕ್ಕೂ ಇಲ್ಲ. ನಾ ಎಷ್ಟ ಸಲ ನಡದೀನಿ, ನನಗ ಗೊತ್ತಿಲ್ಲೇನು?"

ಅತ್ತೆ ಹೇಳಿದ್ದನ್ನೆಲ್ಲ ನಂಬುವವರಲ್ಲ. ಕೈ ತೊಳೆದು ಬಂದು, ಮೂಲೆಯಲ್ಲಿ ಬಿದ್ದಿದ್ದ ಆ ಸಣ್ಣ ಪಟ್ಟಿಯನ್ನು ಎತ್ತಿ ತಮ್ಮ ಹಣೆಗೆ ಕಟ್ಟಿಕೊಂಡರಂತೆ! ಅದು ಆರು ವರ್ಷದವಳ ಎತ್ತರಕ್ಕೆ ಕೂರಿಸಿದ್ದು. ನಮ್ಮ ಆದ್ಯವ್ವ ಪಡಸಾಲೆಯಲ್ಲಿ ಬಗ್ಗಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಪ್ರತಿ ಬಾಗಿಲ ಬುಡದಲ್ಲೂ ಕಾಲಿನಿಂದ ತಡವುತ್ತ ನಡೆದರಂತೆ. ಮೊದಲು ಎಲ್ಲರೂ ನಗುತ್ತಿದ್ದರು. ನಿಂಗಿ ಹಿಂದಿನಿಂದ, "ಈಗ ಎಡಕ್ಕ ಹೊಳ್ಳಜ್ಜೀ... ಮ್ಯಾಲ ನೋಡಬ್ಯಾಡ, ದೀಪ ಕಣ್ಣಿಗೆ ಹೊಡಿತಾವ" ಎಂದು ದಾರಿ ಹೇಳುತ್ತಿದ್ದಳು. ಅತ್ತೆ ಕಡೆಯ ಬಾಗಿಲನ್ನೂ ದಾಟಿ ನಿಂತರು. ಆ ಎತ್ತರದಿಂದ ಮಂಚ ಕಂಡಿರಬೇಕು, ಅದರ ಮೇಲಿನ ದೊಡ್ಡ ದೀಪ ಕಂಡಿರಬೇಕು. ಶುಕ್ರವಾರದ ನಂತರ ಆಸ್ಪತ್ರೆಯವರು ನನ್ನ ರೂಪವನ್ನು ತೆಗೆದುಹಾಕಿದ್ದರಿಂದ ಎಡಗಡೆ ಯಾರೂ ಇರಲಿಲ್ಲ. ಆಕೆ ಅಲ್ಲೇ ಬಹಳ ಹೊತ್ತು ನಿಂತರಂತೆ. ಯಾರ ನಗುವೂ ಉಳಿಯಲಿಲ್ಲ. ಪಟ್ಟಿ ಬಿಚ್ಚಿದಾಗ ಕಣ್ಣುಗಳು ಒದ್ದೆಯಾಗಿದ್ದವಂತೆ.

ನೇರ ಕರೆಗೋಡೆಗೆ ಬಂದರು. ಈ ಸಲ ಅಡುಗೆಮನೆಯ ಕಡೆ ನೋಡಲೇ ಇಲ್ಲ.

"ಮಲ್ಲವ್ವಾ, ಹೊಸ್ತಿಲ ಇಲ್ಲ. ನಾ ಎಲ್ಲಾ ಬಾಗಲಾ ತಡವಿ ನೋಡೀನಿ."

"ಹಂಗಾರ ಬರ್ಲೇನ್ರಿ ಅತ್ತೀ?"

"ಬಾ. ಆದ್ರೂ ನಾ ಒಳಗ ಕಾಲಿಡೂದಿಲ್ಲ. ನೀ ಒಳಗ, ನಾ ಹೊರಗ ಬೇವಿನ ಗಿಡದ ಕೆಳಗ. ದೇವ್ರು ಯಾವ ಲೆಕ್ಕಾ ಹಿಡಿತಾನೋ ಯಾರಿಗ್ಗೊತ್ತು, ಎರಡೂ ಕಡಿಂದ ಭದ್ರ ಇರ್ಲಿ." ಹೋಗಲು ತಿರುಗಿದವರು ಮತ್ತೆ ಹೊರಳಿ, "ಆ ಮಂಚ ಭಾಳ ಎತ್ತರ ಐತೆ ತಂಗೀ. ಅಕಿ ಹತ್ತೂ ಮುಂದ ಒಂದು ಕೈ ಕೊಡು" ಎಂದರು.

ಮುತ್ತವ್ವ, ಹುಟ್ಟಿದಾಗಿನಿಂದ ನಿಂಗಿಯ ಪ್ರತಿ ಜ್ವರಕ್ಕೂ ತಲೆದಿಂಬಿನ ಬಳಿ ಕೂತವರು ಆಕೆ. ಎದೆ ತೆರೆಯುವ ದಿನ ಆಕೆ ಮಳೆಯಲ್ಲಿ ಹೊರಗೆ ಕೂರುತ್ತಾರೆ. ನಾನು ಥ್ಯಾಂಕ್ಸ್ ಎನ್ನಲು ಬಾಯಿ ತೆರೆದೆ, ಅಳು ಬಂತು. "ಅಳಬ್ಯಾಡ, ಗಂಡ ಸ್ಟೇಶನ್ನಿಗೆ ಬರ್ತಾನ. ಮಾರಿ ನೋಡ್ರಿ, ಮಾತಾಡ್ರಿ, ಅಷ್ಟ! ಆಷಾಢ ಇನ್ನೂ ಮುಗದಿಲ್ಲ" ಎಂದು ಗದರಿ ಗೋಡೆಯಿಂದ ಮರೆಯಾದರು. ನನ್ನ ವಾಸ ಆಸ್ಪತ್ರೆಯ ಎದುರಿನ ಛತ್ರದಲ್ಲಿ.

ಆದರೆ ಇನ್ನೂ ಏನೂ ಗೆದ್ದಂತಲ್ಲ. ನಾನು ಬರುತ್ತೇನೆಂದು ಹೇಳಿದ್ದಕ್ಕೆ ನಿಂಗಿ ಹಿಗ್ಗಲಿಲ್ಲ. "ಬಂದ ಮ್ಯಾಲ ನೋಡೂಣು" ಎಂದಳು, ಸಾಲ ವಾಪಸ್ಸು ಕೊಡದವನೊಂದಿಗೆ ಅಂಗಡಿಯವನು ಮಾತಾಡುವ ಹಾಗೆ. ಪಟ್ಟಿ ಇನ್ನು ಕಟ್ಟಿಕೊಳ್ಳುವುದಿಲ್ಲವಂತೆ. ಗುರುವಾರದ ಹಿಂದಿನ ಸಂಜೆ ಆಸ್ಪತ್ರೆಯವರು ಅವಳನ್ನು ನಿಜವಾದ ಆ ಓಣಿಯಲ್ಲೇ ನಡೆಸುತ್ತಾರೆ. ನಾನು ಅವಳ ಎಡಗಡೆ ಇರಬೇಕು, ಬಳೆ ಸಪ್ಪಳ ಮಾಡಬೇಕು. ಅವಳು ಒಂದೊಂದಾಗಿ ಮುಟ್ಟಿ ನೋಡುತ್ತಾಳಂತೆ: ಬಾಗಿಲು ನಿಜವೇ, ಮಂಚ ನಿಜವೇ, ಶೇಂಗಾದ ವಾಸನೆ ನಿಜವೇ, ಚಿಗವ್ವ ನಿಜವೇ. ಒಂದು ತಪ್ಪಿದರೂ ಮರುದಿನ ಅವಳು ಆ ಬಟ್ಟಲನ್ನು ಮುಖದ ಹತ್ತಿರ ಬಿಡುವುದಿಲ್ಲ. ಆಮೇಲೆ ಏನೆಂಬುದನ್ನು ಡಾಕ್ಟರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ ಇದೆ. ನಿಮ್ಮ ದಿನಗಳಲ್ಲಿ ಪರದೆಗಳು ದಿನದಿಂದ ದಿನಕ್ಕೆ ಚೆಂದವಾಗುತ್ತಿವೆ ಎಂದು ಓದಿದ್ದೇನೆ. ಮಕ್ಕಳಿಗೆ ತೋರಿಸಲು ಕುಣಿಯುವ ಮೊಲ, ಹಾಡುವ ಸೂಜಿ, ನಗುವ ಡಾಕ್ಟರು, ಏನು ಬೇಕಾದರೂ ಮಾಡಿಕೊಡುತ್ತೇವೆಂದು ಜನ ಬರುತ್ತಾರೆ. ತೋರಿಸಿ, ಖಂಡಿತ ತೋರಿಸಿ, ಕಂಡ ದಾರಿಯಲ್ಲಿ ಮಕ್ಕಳ ಹೆದರಿಕೆ ಅರ್ಧಕ್ಕಿಳಿಯುತ್ತದೆ. ಆದರೆ ಅಲ್ಲಿ ಮೊಲ ಇಲ್ಲದಿದ್ದರೆ ಮೊಲ ಬೇಡ. ನೋವಾಗುವುದಿದ್ದರೆ ನೋವಾಗುತ್ತದೆ ಎನ್ನಿ, ಎಷ್ಟು ಹೊತ್ತು ಎಂದೂ ಹೇಳಿ. ಪಕ್ಕದಲ್ಲಿ ಯಾರೋ ನಿಲ್ಲುತ್ತಾರೆ ಎಂದು ತೋರಿಸುವ ಮೊದಲು ಅವರು ಬರಬಲ್ಲರೇ ಎಂದು ಕೇಳಿ. ಹಾಗೆಯೇ ಪಂಚಾಂಗವನ್ನೂ ಒಮ್ಮೆ ನೋಡಿಸಿ!

ನಿಮ್ಮ ಆಶೀರ್ವಾದ ಹೇಗೆ ಬಂದು ಸೇರುತ್ತದೋ ತಿಳಿಯದು, ಬೇಡುವುದನ್ನು ಬೇಡಿದ್ದೇನೆ. ಬಳೆಗಳು ಕೈಯಲ್ಲಿವೆ, ತೆಗೆದಿಲ್ಲ. ಹಳಿಯ ಮೇಲೆ ಮಣ್ಣು ಕುಸಿದರೆ ಎಂದು ಅಪ್ಪ ಬಸ್ಸಿನ ವೇಳೆಗಳನ್ನೂ ಕೇಳಿಟ್ಟಿದ್ದಾನೆ. ಆದರೆ ನಾನು ನಿಂಗಿಗೆ ರೈಲು ಎಂದೇ ಹೇಳಿದ್ದೇನೆ, ರೈಲಿನಲ್ಲೇ ಬರಬೇಕು. ಹೌದು ಮುತ್ತವ್ವ, ನಿಮ್ಮ ಕಾಲದವರು ಇವತ್ತು ಬಂತು, ನಾಳೆ ಬಂತು ಎಂದು ಕಾದ ಆ ಘಟ್ಟದ ರೈಲು ಬಂದಿದೆ. ಇದನ್ನಾದರೂ ಕತ್ತರಿಸದೆ ಬಿಡಲಿ. ಬುಧವಾರ ಬೆಳಗಿನ ಅಂಕೋಲಾ–ಹುಬ್ಬಳ್ಳಿ ಪ್ಯಾಸೆಂಜರ್‌ಗೆ ನಾನು ಬರುತ್ತೇನೆ.

ನಿಮ್ಮ
ಮಲ್ಲವ್ವ